ಅಡವಿಟ್ಟ ಮನೆಗೆ ಮೂವತ್ತು ವರ್ಷ, ನೊಂದ ಮಗುವಿಗೆ ಮೂರು

ಮನೆಯನ್ನೋ ಜಮೀನನ್ನೋ ಅಡವಿಟ್ಟವನು ಅದನ್ನು ಬಿಡಿಸಿಕೊಳ್ಳುವುದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದರೆ 1963ರ ಕಾಲಪರಿಮಿತಿ ಅಧಿನಿಯಮವು ಅವನಿಗೆ 30 ವರ್ಷಗಳ ಅವಕಾಶವನ್ನು ಕೊಟ್ಟಿದೆ. ಸರ್ಕಾರವು ತನ್ನ ಹಕ್ಕಿಗಾಗಿ ದಾವೆ ಹೂಡುವುದಾದರೆ ಅದಕ್ಕೂ 30 ವರ್ಷ. ಪರರ ಸ್ವಾಧೀನದಲ್ಲಿರುವ ನಿವೇಶನವನ್ನು ಮಾಲೀಕನು ಮರಳಿ ಪಡೆಯುವುದಕ್ಕೆ 12 ವರ್ಷ. ಆದರೆ ಎಂಟೋ ಹತ್ತೋ ವರ್ಷದ ಪ್ರಾಯದಲ್ಲಿ, ತನ್ನವರೆಂದು ನಂಬಿದ್ದವರ ಕೈಯಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದ ಮಗುವು, ಬೆಳೆದು ದೊಡ್ಡದಾದ ಮೇಲೆ, ಆ ಕೃತ್ಯವನ್ನೆಸಗಿದವನ ಮೇಲಾಗಲಿ ಅವನಿಗೆ ಆಶ್ರಯವಿತ್ತ ಸಂಸ್ಥೆಯ ಮೇಲಾಗಲಿ ಪರಿಹಾರ ಕೋರಿ ಸಿವಿಲ್ ದಾವೆ ಹೂಡಬೇಕೆಂದರೆ ದೊರೆಯುವ ಕಾಲವು, ಹದಿನೆಂಟು ತುಂಬಿದ ಬಳಿಕ, ಹೆಚ್ಚೆಂದರೆ 3 ವರ್ಷ. ಇಪ್ಪತ್ತೊಂದು ದಾಟಿದ ಮೇಲೆ ಬಂದ ಅಂತಹ ದಾವೆಯನ್ನು, ಪ್ರತಿವಾದಿಯು ಕಾಲದ ಆಕ್ಷೇಪಣೆಯನ್ನು ಎತ್ತಲಿ ಬಿಡಲಿ, ನ್ಯಾಯಾಧೀಶರು ವಜಾ ಮಾಡತಕ್ಕದ್ದೆಂದು ಅದೇ ಅಧಿನಿಯಮದ 3ನೆಯ ಕಲಂ ವಿಧಿಸುತ್ತದೆ.

ಬೆಂಗಳೂರಿನ ಕಲ್ಯಾಣ ನಗರದಂತಹ ಬಡಾವಣೆಯ ನಿವಾಸಿಗಳಿಗೆ ಈ ಅಂಕಿಗಳಲ್ಲಿ ಮೊದಲಿನವು ಚಿರಪರಿಚಿತ. ಹೆಣ್ಣೂರು ರಸ್ತೆಗೂ ಬಾಣಸವಾಡಿ ರಸ್ತೆಗೂ ನಡುವಣ ಊರುಗಳ ಹೊಲಗಳು ನಗರಾಭಿವೃದ್ಧಿಯ ಹೆಸರಿನಲ್ಲಿ ನಿವೇಶನಗಳಾಗಿ, ನಿವೇಶನಗಳು ಮನೆಗಳಾಗಿ, ಮನೆಗಳು ಇಂದು ಮಹಡಿಯ ಮೇಲೆ ಮಹಡಿಯೇರಿ ಪಿಜಿಗಳೂ ಕಾಫಿ ಅಂಗಡಿಗಳೂ ಆಗಿರುವ ಈ ಪ್ರದೇಶದಲ್ಲಿ, ಭೂಸ್ವಾಧೀನದ ಪರಿಹಾರಕ್ಕೋ ಅಣ್ಣತಮ್ಮಂದಿರ ಪಾಲಿಗೋ ಖಾತೆಯ ತಕರಾರಿಗೋ ಮಹಾತ್ಮ ಗಾಂಧಿ ರಸ್ತೆಯ ಮೇಯೋ ಹಾಲ್ ನ್ಯಾಯಾಲಯಕ್ಕೆ ಅಲೆಯದ ಹಳೆಯ ಕುಟುಂಬ ವಿರಳ. "ಮೊದಲು ಲಿಮಿಟೇಷನ್ ಇದೆಯಾ ನೋಡ್ಕೊಳ್ಳಿ" ಎಂಬ ವಕೀಲರ ಮಾತು ಇಲ್ಲಿನ ಜಗಲಿಗಳಲ್ಲಿ ಹವಾಮಾನದ ಮಾತಿನಷ್ಟೇ ಸಹಜ. ಮಣ್ಣಿನ ವಿಚಾರದಲ್ಲಿ ಇಷ್ಟು ಜಾಗರೂಕರಾದ ನಾವು ಮಕ್ಕಳ ವಿಚಾರದಲ್ಲಿ ಕಾನೂನು ಯಾವ ದಿನ ಬಾಗಿಲು ಮುಚ್ಚುತ್ತದೆಂಬುದನ್ನು ವಿಚಾರಿಸಿದವರೇ ಅಲ್ಲ.

ಒಂದು ಲೆಕ್ಕವನ್ನು ಹಾಕಿ ನೋಡೋಣ. 1980ರಲ್ಲಿ ಹುಟ್ಟಿದ ಹೆಣ್ಣುಮಗುವೊಂದು 1988ರಲ್ಲಿ, ಅಂದರೆ ತನ್ನ ಎಂಟನೆಯ ವಯಸ್ಸಿನಲ್ಲಿ, ಹೊಸದಾಗಿ ಗೃಹಪ್ರವೇಶವಾದ ಮನೆಯೊಂದರಲ್ಲಿ, ರಜೆಗೆಂದು ಬಂದಿಳಿದ ಬಂಧುವೊಬ್ಬನಿಂದ ಮುಟ್ಟಬಾರದ ರೀತಿಯಲ್ಲಿ ಮುಟ್ಟಿಸಿಕೊಂಡಿತೆಂದು ಭಾವಿಸಿರಿ. ಅತ್ಯಾಚಾರದಂತಹ, ಮೂರು ವರ್ಷಕ್ಕೆ ಮೀರಿದ ಶಿಕ್ಷೆಯುಳ್ಳ ಅಪರಾಧಗಳಿಗೆ ನಮ್ಮ ದಂಡಪ್ರಕ್ರಿಯೆಯಲ್ಲಿ ಕಾಲದ ಮಿತಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೆ ಈ ಬಗೆಯ ಸ್ಪರ್ಶಕ್ಕೆ ಅಂದು ಅನ್ವಯಿಸುತ್ತಿದ್ದುದು ದಂಡಸಂಹಿತೆಯ 354ನೆಯ ಕಲಂ. ಅದಕ್ಕೆ ಆಗ ಇದ್ದ ಗರಿಷ್ಠ ಶಿಕ್ಷೆ ಎರಡು ವರ್ಷದ ಕಾರಾವಾಸ. ಅಷ್ಟು ಶಿಕ್ಷೆಯ ಅಪರಾಧವನ್ನು ನ್ಯಾಯಾಲಯವು ವಿಚಾರಣೆಗೆ ಎತ್ತಿಕೊಳ್ಳುವುದಕ್ಕೆ 1973ರ ದಂಡಪ್ರಕ್ರಿಯಾ ಸಂಹಿತೆಯ 468ನೆಯ ಕಲಂ ಗೊತ್ತುಮಾಡಿದ್ದ ಅವಧಿ ಮೂರು ವರ್ಷ. ಮಗುವೆಂಬ ಕಾರಣಕ್ಕೆ ಆ ಗಡಿಯಾರ ಅಲ್ಲಿ ನಿಲ್ಲುವುದಿಲ್ಲವಾದುದರಿಂದ, ನ್ಯಾಯದ ಹಿತದೃಷ್ಟಿಯಿಂದ ವಿಳಂಬವನ್ನು ಮನ್ನಿಸುವ ಕೃಪೆಯನ್ನು ನ್ಯಾಯಾಧೀಶರು ತೋರಿದರೆ ಸರಿ, ಇಲ್ಲದಿದ್ದರೆ 1991ರಲ್ಲಿ, ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ಹನ್ನೊಂದರ ಬಾಲಿಕೆಯ ಪಾಲಿಗೆ ಕ್ರಿಮಿನಲ್ ನ್ಯಾಯಾಲಯದ ಬಾಗಿಲು ಮುಚ್ಚಿತು. ಮೊಕದ್ದಮೆಯೆಂದರೇನೆಂದು ತಿಳಿಯುವ ಮುನ್ನವೇ ಆಕೆ ಮೊಕದ್ದಮೆಯನ್ನು ಕಳೆದುಕೊಂಡಿದ್ದಳು. ಗಂಡುಮಗುವಾಗಿದ್ದರೆ 354ನೆಯ ಕಲಮಿನ ಆಸರೆಯೂ ಇಲ್ಲ. ಆ ಕಲಮು ಸ್ತ್ರೀಯರ ಮಾತ್ರದ್ದು.

ಸಿವಿಲ್ ದಾವೆಯ ಬಾಗಿಲಾದರೋ 2001ರವರೆಗೆ ತೆರೆದಿತ್ತೆನ್ನಬಹುದು. ಆದರೆ ಆ ಮೂರು ವರ್ಷಗಳು ಆಕೆಗೆ ಎಂತಹವು? ಪದವಿಯ ಪರೀಕ್ಷೆ, ತಂದೆಯ ಸಂಬಳದ ಮೇಲಿನ ಅವಲಂಬನೆ, ಜಾತಕವು ಕೈಯಿಂದ ಕೈಗೆ ಸಾಗುತ್ತಿರುವ ಕಾಲ. ಮೇಲಾಗಿ ಆ ಬಂಧುವೇ ಮದುವೆಯ ಛತ್ರವನ್ನು ಗೊತ್ತುಮಾಡುವ ಹಿರಿಯ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯಿದೆಯು 2012ರ ನವೆಂಬರ್ 14ರಂದು ಜಾರಿಗೆ ಬಂದಾಗ ಆಕೆಗೆ ಮೂವತ್ತೆರಡು. ಕೃತ್ಯ ನಡೆದ ಕಾಲದಲ್ಲಿ ಇಲ್ಲದಿದ್ದ ದಂಡನೆಯನ್ನು ಹಿಂದಿನ ಕೃತ್ಯಕ್ಕೆ ಅನ್ವಯಿಸಕೂಡದೆಂದು ಸಂವಿಧಾನದ 20ನೆಯ ವಿಧಿಯು ನಿಷೇಧಿಸಿರುವುದರಿಂದ ಅದರ ಪ್ರಯೋಜನವೂ ಆಕೆಗಿಲ್ಲ. ಆ ನಿಷೇಧವು ಸಾಧುವಾದದ್ದು, ಅದನ್ನು ಸಡಿಲಿಸಬೇಕೆಂದು ನಾನು ಹೇಳುವುದಿಲ್ಲ. ನನ್ನ ವಾದವೆಲ್ಲ ಸಿವಿಲ್ ದಾವೆಯ ಆ ಮೂರು ವರ್ಷಗಳನ್ನು ಕುರಿತದ್ದು.

ಇಷ್ಟು ಕಾಲ ಏಕೆ ಸುಮ್ಮನಿದ್ದರು ಎಂಬ ಪ್ರಶ್ನೆಯನ್ನು ಕೇಳುವವರು ನಮ್ಮ ಮನೆಗಳ ಒಳಗಿನ ಮಾತನ್ನು ಕೇಳಿಸಿಕೊಂಡಿಲ್ಲವೆಂದೇ ತೋರುತ್ತದೆ. ಧೈರ್ಯ ಮಾಡಿ ತಾಯಿಯ ಸೆರಗನ್ನು ಹಿಡಿದ ಮಗುವಿಗೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: "ಆಗಿದ್ದು ಆಗ್ಹೋಯ್ತು, ಬಾಯ್ಬಿಡಬೇಡ, ನಿಮ್ಮಪ್ಪನಿಗೆ ಗೊತ್ತಾದ್ರೆ ಮನೆ ಎರಡಾಗುತ್ತೆ." ಮಾತು ಮನೆ ಕೆಡಿಸಿತು ಎಂಬ ಗಾದೆಯನ್ನು ಮಕ್ಕಳ ಬಾಯಿಗೆ ಬೀಗವಾಗಿ ಬಳಸಿದಷ್ಟು ನಾವು ಬೇರಾವುದಕ್ಕೂ ಬಳಸಿಲ್ಲ. ಆ ತಾಯಿಯನ್ನು ನಿಂದಿಸುವುದು ಸುಲಭ. ಆಕೆಯೂ ಅದೇ ಮನೆಯಲ್ಲಿ, ಅದೇ ಅನ್ನದ ಹಂಗಿನಲ್ಲಿ ಬದುಕಬೇಕಾದವಳು. ಕೇಂದ್ರ ಸರ್ಕಾರವು 2007ರಲ್ಲಿ ಹದಿಮೂರು ರಾಜ್ಯಗಳ 12,447 ಮಕ್ಕಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿರುವುದಾಗಿ ತಿಳಿಸಿದರು. ಅವರಲ್ಲಿ ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಎಸಗಿದವರಲ್ಲಿ ಅರ್ಧದಷ್ಟು ಮಂದಿ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು.

ಎಷ್ಟು ಕಾಲದ ಮೌನ ಎಂಬುದಕ್ಕೂ ಒಂದು ಅಳತೆಯುಂಟು. ಆಸ್ಟ್ರೇಲಿಯ ದೇಶವು 2013ರಿಂದ 2017ರವರೆಗೆ ನಡೆಸಿದ ರಾಯಲ್ ಕಮಿಷನ್, ಶಾಲೆ, ಚರ್ಚು, ಅನಾಥಾಲಯಗಳಲ್ಲಿ ಬಾಲ್ಯದಲ್ಲಿ ನೊಂದಿದ್ದ ಎಂಟು ಸಾವಿರಕ್ಕೂ ಮಿಕ್ಕಿದ ಜನರನ್ನು ಏಕಾಂತದಲ್ಲಿ ಕೂರಿಸಿಕೊಂಡು ಅವರ ಮಾತನ್ನು ಆಲಿಸಿತು. ಅವರು ತಮ್ಮ ಸಂಕಟವನ್ನು ಮೊದಲ ಬಾರಿಗೆ ಇನ್ನೊಬ್ಬರಲ್ಲಿ ಹೇಳಿಕೊಳ್ಳುವುದಕ್ಕೆ ಹಿಡಿದ ಕಾಲ ಸರಾಸರಿ 24 ವರ್ಷದಷ್ಟಿತ್ತು. ಹತ್ತನೆಯ ವಯಸ್ಸಿನಲ್ಲಿ ನೊಂದವರು ಆ ಲೆಕ್ಕದಲ್ಲಿ ಬಾಯಿ ತೆರೆಯುವುದು ಮೂವತ್ತನಾಲ್ಕರ ಸುಮಾರಿಗೆ. ತನ್ನ ಮಗಳಿಗೆ ತಾನು ನೊಂದಾಗಿನ ವಯಸ್ಸು ಬಂದ ದಿನ, ಅವಳನ್ನು ನೆಂಟರ ಮನೆಗೆ ಕಳುಹಿಸಬೇಕೇ ಬೇಡವೇ ಎಂಬ ಪ್ರಶ್ನೆ ಎದುರಾದ ದಿನ, ಹೂತಿಟ್ಟದ್ದೆಲ್ಲ ಮೇಲೆದ್ದು ಬಂದಿತೆಂದು ಹೇಳುವ ತಾಯಂದಿರು ಅನೇಕರು. ಕಾನೂನಿನ ಇಪ್ಪತ್ತೊಂದಕ್ಕೂ ಮನಸ್ಸಿನ ಈ ಮೂವತ್ತನಾಲ್ಕಕ್ಕೂ ನಡುವೆ ಸೇತುವೆಯಿಲ್ಲ.

ಈ ವಿಷಯವು ನಮ್ಮಲ್ಲಿ ಚರ್ಚೆಗೆ ಬಂದೇ ಇಲ್ಲವೆಂದು ಹೇಳಲಾಗದು. ಚೆನ್ನೈಯಲ್ಲಿ ಬಾಲ್ಯವನ್ನು ಕಳೆದು ಕೆನಡಾದಲ್ಲಿ ನೆಲೆಸಿದ ವಿಜ್ಞಾನಿಯೊಬ್ಬರು, ನಾಲ್ಕು ದಶಕಗಳ ಹಿಂದಿನ ದೌರ್ಜನ್ಯದ ಬಗ್ಗೆ ದೂರು ಕೊಡಲು ಹೊರಟು, ಅದನ್ನು ಸ್ವೀಕರಿಸುವವರನ್ನು ಕಾಣದೆ ಕೇಂದ್ರ ಸರ್ಕಾರಕ್ಕೆ ಮೊರೆಯಿಟ್ಟುದರ ಫಲವಾಗಿ, 2018ರ ಅಕ್ಟೋಬರಿನಲ್ಲಿ ಅಂದಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಮೇನಕಾ ಗಾಂಧಿಯವರು, ಪೋಕ್ಸೊ ಕಾಯಿದೆಯಡಿ ದೂರು ನೀಡುವುದಕ್ಕೆ ಕಾಲದ ಮಿತಿಯಿಲ್ಲ, ಬಾಲ್ಯದಲ್ಲಿ ನೊಂದವರು ಯಾವ ವಯಸ್ಸಿನಲ್ಲಾದರೂ ದೂರಬಹುದು ಎಂಬ ಕಾನೂನು ಸಚಿವಾಲಯದ ಅಭಿಪ್ರಾಯವನ್ನು ಪ್ರಕಟಿಸಿದರು. ಪತ್ರಿಕೆಗಳು ಅದನ್ನು ದೊಡ್ಡಕ್ಷರಗಳಲ್ಲಿ ಅಚ್ಚುಮಾಡಿದವು. ಸಮಸ್ಯೆ ಪರಿಹಾರವಾಯಿತೆಂದು ಎಲ್ಲರೂ ಸಮಾಧಾನಪಟ್ಟುಕೊಂಡರು. ಆದರೆ ಅಭಿಪ್ರಾಯವು ಅಧಿನಿಯಮವಲ್ಲ, ಪೋಕ್ಸೊ ಕಾಯಿದೆಯು 2012ಕ್ಕೆ ಹಿಂದಿನ ಕೃತ್ಯಗಳನ್ನು ಮುಟ್ಟುವುದಿಲ್ಲ, ಸಿವಿಲ್ ದಾವೆಯ ವಿಷಯವಂತೂ ಆ ಪ್ರಕಟಣೆಯ ವ್ಯಾಪ್ತಿಗೇ ಬಂದಿರಲಿಲ್ಲ. 2024ರ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಯನ್ನು ಕಿತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯನ್ನು ಸ್ಥಾಪಿಸಿದಾಗಲೂ ಹಳೆಯ 468ನೆಯ ಕಲಂ 514 ಎಂಬ ಹೊಸ ಸಂಖ್ಯೆಯನ್ನು ಧರಿಸಿ, ಅದೇ ಅವಧಿಗಳೊಡನೆ ಬಂದು ಕುಳಿತಿತು.

ಕಾಲವು ಕಳೆದಂತೆ ಹಕ್ಕು ಕ್ಷೀಣಿಸಬೇಕೆಂಬ ತತ್ತ್ವವು ನಿರಾಧಾರವಾದುದಲ್ಲ. ನಿದ್ರಿಸುವವನಿಗಲ್ಲ, ಎಚ್ಚೆತ್ತಿರುವವನಿಗೆ ಕಾನೂನು ನೆರವಾಗುವುದೆಂದು ರೋಮನರ ಕಾಲದಿಂದ ಬಂದ ನ್ಯಾಯೋಕ್ತಿಯೇ ಇದೆ. ನಮ್ಮ ಧರ್ಮಶಾಸ್ತ್ರಕಾರರೂ ಇದನ್ನು ಬಲ್ಲರು: ಒಡೆಯನು ಕಣ್ಣಾರೆ ಕಾಣುತ್ತಿದ್ದೂ ಸುಮ್ಮನಿರಲು ಇನ್ನೊಬ್ಬನು ಇಪ್ಪತ್ತು ವರ್ಷ ಅನುಭವಿಸಿದ ಭೂಮಿಯು ಒಡೆಯನಿಗೆ ತಪ್ಪುವುದೆಂದು ಯಾಜ್ಞವಲ್ಕ್ಯ ಸ್ಮೃತಿಯು ವಿಧಿಸುತ್ತದೆ. ಆದರೆ ಅದರ ಬೆನ್ನಿಗೇ ಬರುವ ಶ್ಲೋಕವು ಆ ನಿಯಮಕ್ಕೆ ಅಪವಾದಗಳನ್ನು ಹೇಳುವಾಗ, ಅಡವು, ನಿಕ್ಷೇಪಗಳ ಜೊತೆಯಲ್ಲಿ ಬಾಲಕರ ಸ್ವತ್ತನ್ನೂ ಸ್ತ್ರೀಯರ ಸ್ವತ್ತನ್ನೂ ಎತ್ತಿ ಹೇಳಿ, ಕಾಲವೆಷ್ಟು ಸಂದರೂ ಅವು ನಷ್ಟವಾಗಲಾರವೆಂದು ತೀರ್ಮಾನಿಸಿದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ಜಗತ್ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮವನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಇಂದಿನ ಬಸವಕಲ್ಯಾಣದಲ್ಲಿ ಕುಳಿತು ಬರೆದವನು. ಹಳೆಯದೆಲ್ಲ ಹೊನ್ನೆಂದು ವಾದಿಸುವವನು ನಾನಲ್ಲ. ಆ ಶಾಸ್ತ್ರಗಳಲ್ಲಿ ಇಂದು ಒಪ್ಪಲಾಗದ ಸಂಗತಿಗಳು ಹೇರಳವಾಗಿವೆ. ಆದರೂ ಎಚ್ಚೆತ್ತಿರಲು ಶಕ್ತಿಯೇ ಇಲ್ಲದವರ ಮೇಲೆ ನಿದ್ರೆಯ ಆರೋಪವನ್ನು ಹೊರಿಸಬಾರದೆಂಬ ವಿವೇಕ ಅಂದಿನವರಿಗಿತ್ತೆಂಬುದನ್ನು ಕಾಣುವಾಗ ಇಂದಿನ ಕಾನೂನು ಸ್ವಲ್ಪ ನಾಚಬೇಕು.

ಇಂದಿನ ಕಾನೂನಿನ ಒಳಗೇ ಅಂತಹ ವಿವೇಕದ ಕಿಡಿಯೊಂದು ಉಳಿದಿದೆ. ಕಾಲಪರಿಮಿತಿ ಅಧಿನಿಯಮದ 10ನೆಯ ಕಲಂ, ನಿರ್ದಿಷ್ಟ ಉದ್ದೇಶಕ್ಕಾಗಿ ನ್ಯಾಸವಾಗಿ ವಹಿಸಿಕೊಟ್ಟ ಸ್ವತ್ತನ್ನು ಧರ್ಮದರ್ಶಿಯು ಕಬಳಿಸಿದರೆ, ಅದನ್ನು ಬಿಡಿಸಿಕೊಳ್ಳುವ ದಾವೆಗೆ ಎಷ್ಟೇ ದೀರ್ಘಕಾಲ ಕಳೆದರೂ ಅಡ್ಡಿಯಿಲ್ಲವೆನ್ನುತ್ತದೆ. ನಂಬಿ ಒಪ್ಪಿಸಿದ್ದನ್ನು ಕದ್ದವನು ಕಾಲದ ಮರೆಯಲ್ಲಿ ಅಡಗಕೂಡದು ಎಂಬುದಷ್ಟೇ ಇದರ ಹಿಂದಿನ ನ್ಯಾಯ. ಹಣ, ಕಟ್ಟಡಗಳನ್ನು ನಂಬಿ ಒಪ್ಪಿಸಿದ್ದಕ್ಕೆ ಇಷ್ಟು ಕಾವಲಿರುವಾಗ, ಶಾಲೆಗೆ, ವಿದ್ಯಾರ್ಥಿನಿಲಯಕ್ಕೆ, ಮಠಕ್ಕೆ, ಚರ್ಚಿಗೆ, ಮದರಸಕ್ಕೆ, ಟ್ಯೂಷನ್ ಮನೆಗೆ, ಕ್ರೀಡೆಯ ತರಬೇತಿಗೆ ನಂಬಿ ಒಪ್ಪಿಸಿದ ಮಗುವಿಗೆ ಕಾವಲಿಲ್ಲದಿರುವುದನ್ನು ಯಾವ ತರ್ಕದಿಂದ ಸಮರ್ಥಿಸಬೇಕೋ ನನಗೆ ತಿಳಿಯದು.

ಅಪರಾಧಿಯು ಸೆರೆಮನೆಗೆ ಹೋದರೆ ಸಾಲದೇ, ಹಣದ ದಾವೆಯೇಕೆ ಎಂದು ಕೇಳುವವರಿದ್ದಾರೆ. ಕ್ರಿಮಿನಲ್ ಮೊಕದ್ದಮೆಯು ಸಾಮಾನ್ಯವಾಗಿ ವ್ಯಕ್ತಿಯನ್ನು ಹಿಡಿಯುತ್ತದೆ, ಸಂಸ್ಥೆಯನ್ನು ಮುಟ್ಟುವುದು ಅಪರೂಪ. ಮಗುವಿನ ಮೇಲಿನ ದೌರ್ಜನ್ಯವನ್ನು ತಿಳಿದೂ ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಪೋಕ್ಸೊ ಕಾಯಿದೆಯ 21ನೆಯ ಕಲಂ ಹೆಚ್ಚೆಂದರೆ ಒಂದು ವರ್ಷದ ಸಜೆಯನ್ನು ವಿಧಿಸುತ್ತದೆ. ವಿಶೇಷ ನ್ಯಾಯಾಲಯವು ಆದೇಶಿಸುವ ಪರಿಹಾರಧನವಾದರೋ ಸಂತ್ರಸ್ತರ ನಿಧಿಯಿಂದ, ಅಂದರೆ ರಾಜ್ಯ ಸರ್ಕಾರದ ಬೊಕ್ಕಸದಿಂದ ಬರತಕ್ಕದ್ದು. ಮುಚ್ಚಿಟ್ಟ ಸಂಸ್ಥೆಯ ಗಂಟಿನಿಂದ ಬಿಡಿಗಾಸೂ ಕರಗುವುದಿಲ್ಲ, ತೆರಿಗೆ ಕೊಡುವ ನೀವು ನಾವು ಅದರ ದಂಡವನ್ನು ತೆರುತ್ತೇವೆ. ಯಾರ ಮೇಲೆ ಹಿಂದೆಯೇ ದೂರು ಬಂದಿತ್ತು, ಯಾರು ಆ ಕಾಗದವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು, ಯಾವನನ್ನು ಸದ್ದಿಲ್ಲದೆ ಇನ್ನೊಂದು ಊರಿನ ಶಾಖೆಗೆ ವರ್ಗಮಾಡಿದರು ಎಂಬ ಕಡತಗಳನ್ನು ಹೊರಗೆಳೆಯಬಲ್ಲ ಆಯುಧವು ಸಿವಿಲ್ ದಾವೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯವು 2019ರ ಫೆಬ್ರವರಿಯಲ್ಲಿ ಜಾರಿಗೆ ತಂದ ಕಾನೂನು, ಬಾಲ್ಯದಲ್ಲಿ ನೊಂದವರಿಗೆ 55ನೆಯ ವಯಸ್ಸಿನವರೆಗೆ ದಾವೆಯ ಅವಕಾಶವಿತ್ತುದಲ್ಲದೆ, ಅವಧಿ ಮೀರಿಹೋಗಿದ್ದ ಹಳೆಯ ಪ್ರಕರಣಗಳಿಗೂ ತಾತ್ಕಾಲಿಕವಾಗಿ ಬಾಗಿಲನ್ನು ತೆರೆಯಿತು. ಅದೇ ವರ್ಷದ ಆಗಸ್ಟ್ 14ರಿಂದ 2021ರ ಆಗಸ್ಟ್ 14ರವರೆಗೆ ತೆರೆದಿದ್ದ ಆ ಬಾಗಿಲಿನಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ದಾವೆಗಳು ದಾಖಲಾದವು. ನೆರೆಯ ನ್ಯೂಜೆರ್ಸಿಯಲ್ಲೂ 55ರವರೆಗೆ ಅವಕಾಶವುಂಟು. ಕಲ್ಯಾಣ ನಗರದಿಂದ ಹೋಗಿ ಅಲ್ಲಿ ಸಂಸಾರ ಹೂಡಿರುವ ಕನ್ನಡ ಕುಟುಂಬಗಳು ಇದನ್ನು ಗಮನಿಸಬೇಕು: ಅಲ್ಲಿನ ಶಾಲೆಯಲ್ಲಿ ನೊಂದ ಅವರ ಮಗುವಿಗೆ 55ರವರೆಗೆ ಕಾಲ, ಇಲ್ಲಿ ನೊಂದು ಅಲ್ಲಿಗೆ ಹೋದ ತಾಯಿಗೆ ಇಪ್ಪತ್ತೊಂದಕ್ಕೇ ಕಾಲ ಮುಗಿದಿದೆ. ನಮಗೆ ಈ ಕಾಲಪರಿಮಿತಿಯ ಶಾಸ್ತ್ರವನ್ನು 1859ರಿಂದ ಕಲಿಸಿಕೊಟ್ಟ ಇಂಗ್ಲೆಂಡಿನಲ್ಲಿಯೂ ಲೆಕ್ಕ ಇಪ್ಪತ್ತೊಂದೇ. ಆದರೆ ನ್ಯಾಯಾಧೀಶರು ಅದನ್ನು ಮೀರಿ ವಿಚಾರಣೆಗೆ ಅನುಮತಿಸುವ ಅಧಿಕಾರ ಅಲ್ಲಿ 1980ರ ಕಾನೂನಿನಲ್ಲಿದೆ, ಮತ್ತು ಬಾಲ್ಯದ ಲೈಂಗಿಕ ದೌರ್ಜನ್ಯದ ದಾವೆಗಳಿಗೆ ಆ ಮೂರು ವರ್ಷದ ಮಿತಿಯನ್ನೇ ತೆಗೆದುಹಾಕುವುದಾಗಿ ಅಲ್ಲಿನ ಸರ್ಕಾರವು 2025ರ ಫೆಬ್ರವರಿಯಲ್ಲಿ ಘೋಷಿಸಿತು. ನಮ್ಮಲ್ಲಿ ವಿಳಂಬವನ್ನು ಮನ್ನಿಸುವ 5ನೆಯ ಕಲಂ ಅಪೀಲಿಗೂ ಅರ್ಜಿಗೂ ಅನ್ವಯಿಸುತ್ತದೆಯೇ ಹೊರತು ಮೂಲ ದಾವೆಗೆ ಅನ್ವಯಿಸುವುದಿಲ್ಲ. ಗುರುವು ಪಾಠವನ್ನು ತಿದ್ದಿಕೊಳ್ಳುತ್ತಿರುವಾಗ ಶಿಷ್ಯನು ಹಳೆಯ ಪುಟವನ್ನೇ ಉರುಹೊಡೆಯುತ್ತಿದ್ದಾನೆ.

ಪ್ರತಿವಾದಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಸಾಕ್ಷಿಗಳು ಸತ್ತಿರುತ್ತಾರೆ, ನೆನಪು ಮಸುಕಾಗಿರುತ್ತದೆ, ನಿರಪರಾಧಿಯಾದ ಮುದುಕನು ತಾನು ಆ ದಿನ ಆ ಊರಿನಲ್ಲಿರಲಿಲ್ಲವೆಂಬುದನ್ನು ತೋರಿಸಲು ಒಂದು ಚೀಟಿಯನ್ನೂ ಉಳಿಸಿಕೊಂಡಿರಲಾರನು. ಅಡಿಯ ಲೆಕ್ಕದಲ್ಲಿ ಭೂಮಿಯ ಬೆಲೆ ಕಟ್ಟುವ ನಮ್ಮ ಪೂರ್ವ ಬೆಂಗಳೂರಿನಲ್ಲಿ ಇನ್ನೊಂದು ಅಪಾಯವೂ ಉಂಟು: ಪಾಲಿನ ದಾವೆಯಲ್ಲಿ ಸೋಲುತ್ತಿರುವವರು ದೊಡ್ಡಪ್ಪನ ಮೇಲೆ ಇಂತಹ ಆರೋಪವನ್ನು ಹೊರಿಸಿ ರಾಜಿಗೆ ಎಳೆಯಲು ನೋಡಬಹುದು. ಈ ಭಯ ನಿಜವಾದದ್ದೇ. ಆದರೆ ಕಾಲ ಕಳೆದಷ್ಟೂ ರುಜುವಾತಿನ ಹೊರೆಯು ಭಾರವಾಗುವುದು ಮುಖ್ಯವಾಗಿ ವಾದಿಯ ಹೆಗಲಿಗೆ. ಸಾಕ್ಷ್ಯವಿಲ್ಲದ ದಾವೆ ಬಿದ್ದುಹೋಗುತ್ತದೆ. ದಾವೆಯನ್ನು ದಾಖಲಿಸಿಕೊಳ್ಳುವ ಮುನ್ನ ನ್ಯಾಯಾಧೀಶರು ಮುಚ್ಚಿದ ಕೊಠಡಿಯಲ್ಲಿ ಪ್ರಾಥಮಿಕ ಪರಿಶೀಲನೆ ನಡೆಸಬೇಕೆಂದೂ, ಅಲ್ಲಿಯವರೆಗೆ ಉಭಯ ಪಕ್ಷಗಳ ಹೆಸರೂ ಬಹಿರಂಗವಾಗಕೂಡದೆಂದೂ ನಿಯಮ ಮಾಡಿದರೆ ಆ ಅಪಾಯದ ಬಹುಭಾಗ ಕಳೆಯುತ್ತದೆ. ಪಾಲಿನ ದಾವೆಗಳಲ್ಲಿ ಸುಳ್ಳು ವಿಲ್ಲುಗಳು ಬರುತ್ತವೆಂದು ಪಾಲಿನ ದಾವೆಗಳನ್ನೇ ನಾವು ನಿಷೇಧಿಸಿದ್ದುಂಟೆ? ಸಂಸ್ಥೆಗಳು ದಿವಾಳಿಯಾಗುತ್ತವೆಂಬ ಮಾತೂ ಸುಳ್ಳಲ್ಲ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆಯು 2020ರಲ್ಲಿ ದಿವಾಳಿಯ ರಕ್ಷಣೆಗೆ ಮೊರೆಹೋಯಿತು, ಎಂಬತ್ತು ಸಾವಿರಕ್ಕೂ ಮಿಕ್ಕ ಕ್ಲೇಮುಗಳು ಅದರ ಮುಂದೆ ಬಂದವು. ಎಂಬತ್ತು ಸಾವಿರ ಮಂದಿ ಬಂದರೆಂಬುದನ್ನು ಸಂಸ್ಥೆಯ ಪರವಾದ ವಾದವೆಂದು ಪರಿಗಣಿಸುವುದು ನನ್ನಿಂದಾಗದು.

ಇದೆಲ್ಲ ದೆಹಲಿಯ ಕೆಲಸ, ಬೆಂಗಳೂರಿನದಲ್ಲ ಎಂದು ವಿಧಾನಸೌಧದವರು ಕೈತೊಳೆದುಕೊಳ್ಳುವಂತಿಲ್ಲ. ಕಾಲಪರಿಮಿತಿಯು ಸಂವಿಧಾನದ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯಲ್ಲಿ 13ನೆಯ ನಮೂದಾಗಿದೆ. ರಾಷ್ಟ್ರಪತಿಗಳ ಅಂಕಿತವನ್ನು ಪಡೆದು ಕರ್ನಾಟಕವು ತನಗೆ ಅನ್ವಯಿಸುವಂತೆ ತಿದ್ದುಪಡಿಯನ್ನು ತರಬಹುದು. ಕಾಲದ ಅಡ್ಡಗೋಡೆಯನ್ನು ಒಡೆದ ಅನುಭವವೂ ನಮ್ಮ ಶಾಸನಸಭೆಗೆ ಇದೆ. ಪರಿಶಿಷ್ಟ ಜಾತಿ ಪಂಗಡಗಳ ಜನರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನು ಪರಭಾರೆಯಾದಾಗ ಮರಳಿಸಿಕೊಡುವ 1978ರ ಪಿಟಿಸಿಎಲ್ ಕಾಯಿದೆಯಡಿ, ಬಹುಕಾಲ ಕಳೆದು ಬಂದ ಅರ್ಜಿಗಳನ್ನು ಪುರಸ್ಕರಿಸಲಾಗದೆಂದು ಸುಪ್ರೀಂ ಕೋರ್ಟು ತೀರ್ಪಿತ್ತು, ಅದರ ಬಲದಿಂದ ಬಡವರ ಅರ್ಜಿಗಳು ಸಾಲುಸಾಲಾಗಿ ವಜಾಗೊಳ್ಳುತ್ತಿದ್ದಾಗ, ಫ್ರೀಡಂ ಪಾರ್ಕಿನಲ್ಲಿ ದಲಿತ ಸಂಘಟನೆಗಳು ಹೂಡಿದ ಧರಣಿಗೆ ಮಣಿದು, ಅಂತಹ ಅರ್ಜಿಗಳಿಗೆ ಕಾಲಮಿತಿಯೇ ಇಲ್ಲವೆಂದು 2023ರ ಜುಲೈಯಲ್ಲಿ ಉಭಯ ಸದನಗಳೂ ತಿದ್ದುಪಡಿಯನ್ನು ಅಂಗೀಕರಿಸಿದವು. ಆ ತಿದ್ದುಪಡಿಯ ಅರ್ಥವ್ಯಾಪ್ತಿ ಎಷ್ಟೆಂಬ ಬಗ್ಗೆ ಉಚ್ಚ ನ್ಯಾಯಾಲಯದಲ್ಲಿ ವಾದವಿವಾದಗಳು ನಡೆದಿರುವುದು ನಿಜ. ಆದರೂ ಬಲಹೀನನು ತಡವಾಗಿ ಬಂದುದಕ್ಕೆ ಅವನ ಬಲಹೀನತೆಯೇ ಕಾರಣವೆಂಬ ಸತ್ಯವನ್ನು ಸದನವು ಒಮ್ಮೆ ಒಪ್ಪಿದ್ದಾಯಿತು. ಮಗುವಿಗಿಂತ ಬಲಹೀನರು ಯಾರು?

ಬಾಲ್ಯದ ಲೈಂಗಿಕ ದೌರ್ಜನ್ಯಕ್ಕೆ ಪರಿಹಾರ ಕೋರುವ ದಾವೆಗಳಿಗೆ ಕರ್ನಾಟಕದಲ್ಲಿ ಕಾಲದ ಮಿತಿ ಇರತಕ್ಕದ್ದಲ್ಲ. ಅಷ್ಟು ಧೈರ್ಯವಿಲ್ಲದಿದ್ದರೆ ಐವತ್ತನೆಯ ವಯಸ್ಸಿನವರೆಗಾದರೂ ಅವಕಾಶವಿರಲಿ. ಈಗಾಗಲೇ ಅವಧಿ ಮೀರಿದವರಿಗಾಗಿ ಎರಡು ವರ್ಷ ಬಾಗಿಲನ್ನು ತೆರೆದಿಡಬೇಕು. ಕೇಳಿದ ಮೊತ್ತಕ್ಕೆ ತಕ್ಕಂತೆ ಏರುವ ನ್ಯಾಯಾಲಯ ಶುಲ್ಕದಿಂದಲೂ ಈ ದಾವೆಗಳಿಗೆ ವಿನಾಯಿತಿ ಬೇಕು. ಮೇಯೋ ಹಾಲಿನ ಕೌಂಟರಿನಲ್ಲಿ ಶುಲ್ಕವನ್ನು ಕಟ್ಟಲಾರದೆ ಹಿಂದಿರುಗುವವರಿಗೆ ಕಾಲಮಿತಿಯ ಔದಾರ್ಯದಿಂದ ಏನೂ ದೊರೆಯದು.

2014ರ ಜುಲೈಯಲ್ಲಿ ಮಾರತಹಳ್ಳಿಯ ಸಮೀಪದ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ದೌರ್ಜನ್ಯ ನಡೆದ ಸುದ್ದಿ ಹೊರಬಿದ್ದಾಗ ಈ ಪೂರ್ವ ಭಾಗದ ತಂದೆತಾಯಿಗಳು ಬೀದಿಗಿಳಿದುದನ್ನು ಅನೇಕರು ಬಲ್ಲರು. ಆ ಬಳಿಕ ಶಾಲೆಗಳಿಗೆ ಸಿಸಿಟಿವಿ ಬಂದಿತು, ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಬಂದಿತು. ಆದರೆ ಆ ಕಾಲದಲ್ಲಿ ಬೇರೆಲ್ಲೋ ನೊಂದು ಬಾಯಿಬಿಡದೆ ಉಳಿದ ಮಕ್ಕಳ ವಯಸ್ಸು ಈಗ ಎಷ್ಟೆಂದು ಎಣಿಸಿ ನೋಡಿರಿ. ಪೋಕ್ಸೊ ಜಾರಿಗೆ ಬಂದ ದಿನ ಎಂಟು ವರ್ಷ ತುಂಬಿದ್ದ ಮಗುವಿಗೆ 2025ರಲ್ಲಿ ಇಪ್ಪತ್ತೊಂದು ತುಂಬಿತು. ಆ ಕಾಯಿದೆಯಡಿ ಠಾಣೆಗೆ ಹೋಗುವ ದಾರಿ ಅವರಿಗೆ ಇಂದಿಗೂ ತೆರೆದಿದೆ, ಬಾಣಸವಾಡಿಯ ಠಾಣೆಯಾಗಲಿ ಹೆಣ್ಣೂರಿನದಾಗಲಿ ತಡವಾಯಿತೆಂಬ ಕಾರಣವೊಂದರಿಂದಲೇ ಅವರನ್ನು ಹಿಂದಕ್ಕೆ ಕಳುಹಿಸಕೂಡದು. ಆದರೆ ಸಿವಿಲ್ ದಾವೆಯ ಬಾಗಿಲು ಆ ಪೀಳಿಗೆಗೆ ವರ್ಷ ವರ್ಷವೂ ಮುಚ್ಚುತ್ತ ಬಂದಿದೆ. ಮುಂದಿನ ಅಧಿವೇಶನಕ್ಕೆ ಮುನ್ನ ಇಂತಹ ತಿದ್ದುಪಡಿಯ ಬಗ್ಗೆ ತಮ್ಮ ಕ್ಷೇತ್ರದ ಶಾಸಕರಿಗೆ ಒಂದು ಕಾಗದವನ್ನು ಬರೆಯಬೇಕೆಂದು ಸರ್ವಜ್ಞನಗರದ ಮತದಾರರಲ್ಲಿಯೂ ಉಳಿದವರಲ್ಲಿಯೂ ನನ್ನ ಕೋರಿಕೆ.